ಮಣಿ ಚೀಲ: ಮೂರನೇ ವಾರ

ಈ ವಾರ ಕ್ರೋಶಾ ಕಡ್ಡಿಗಿಂತ ಬಚ್ಚಲು ಮನೆಯ ಹಂಡೆಯ ಹತ್ತಿರವೇ ಜಾಸ್ತಿ ಹೊತ್ತು ಕಳೆದೆ.

ಚೀಲಕ್ಕೆ ಹೆಣೆದ ಉಣ್ಣೆ ಫೆಲ್ಟ್ ಆಗಬೇಕು, ಅಂದರೆ ಎಳೆಗಳು ಬೆಸೆದು ದಪ್ಪ, ಬಿಗಿ ಬಟ್ಟೆಯಾಗಬೇಕು. ಅದಕ್ಕೇ ಭಾನುವಾರ, ಹೆಣೆದ ತುಂಡನ್ನು ಬಿಸಿನೀರಲ್ಲಿ ಅದ್ದಿ, ಸೋಪು ಹಚ್ಚಿ ಅರ್ಧ ಗಂಟೆ ತಿಕ್ಕಿದೆ. ಏನೂ ಆಗಲಿಲ್ಲ! ಹೊಲಿಗೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಲೇಬಲ್ ಮತ್ತೆ ಓದಿದರೆ ಅದು ಸೂಪರ್‌ವಾಶ್ ಉಣ್ಣೆ. ಉಣ್ಣೆಯ ಎಳೆಯ ಮೇಲೆ ಸಣ್ಣ ಹುರುಪೆಗಳಿರುತ್ತವೆ. ಅವು ಒಂದಕ್ಕೊಂದು ಸಿಕ್ಕಿಕೊಂಡರೇನೇ ಫೆಲ್ಟ್ ಆಗುವುದು. ಸೂಪರ್‌ವಾಶ್‌ನಲ್ಲಿ ಹಾಗೆ ಸಿಕ್ಕಿಕೊಳ್ಳದಂತೆ ಮೊದಲೇ ಮಾಡಿರುತ್ತಾರೆ. ಅಕ್ರಿಲಿಕ್, ಹತ್ತಿ ದಾರಗಳಂತೂ ಫೆಲ್ಟ್ ಆಗುವುದೇ ಇಲ್ಲ.

ಸಾದಾ ಉಣ್ಣೆ ತರಿಸಿ ಮತ್ತೆ ಶುರು ಮಾಡಿದೆ. ಕೆಂಪು ನೆಲ, ಅದರ ಮೇಲೆ ಬಿಳಿ ‘ಅ’. ಚೀಲ ಅಂಗನವಾಡಿಗೆ ಹೋಗುವ ಅಣ್ಣನ ಮಗಳಿಗೆ.

ಮಣಿಯ ಕೆಲಸವೇ ನನಗೆ ತುಂಬಾ ಇಷ್ಟ. ಹೆಣೆಯುವ ಮೊದಲೇ ಅಷ್ಟೂ ಮಣಿಗಳನ್ನು ಬಿಳಿ ದಾರಕ್ಕೆ ಪೋಣಿಸಿಕೊಳ್ಳಬೇಕು. ಸಿಂಗಲ್ ಕ್ರೋಶಾ ಎಂಬ ಗಿಡ್ಡ ಹೊಲಿಗೆಯಲ್ಲಿ ಮಣಿ ನಮ್ಮ ಕಡೆಗೆ ಬರುವುದಿಲ್ಲ, ಬಟ್ಟೆಯ ಹಿಂದೆ ಹೋಗಿ ಕೂರುತ್ತದೆ. ಹಾಗಾಗಿ ಚೀಲದ ಒಳಮೈಯನ್ನು ನಮ್ಮ ಕಡೆ ಇಟ್ಟುಕೊಂಡೇ ಹೆಣೆಯಬೇಕು. ಆಗ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಬಿಡುತ್ತದೆ, ಅಲ್ವಾ? ಅದಕ್ಕೇ ಚಾರ್ಟನ್ನು, ಅಂದರೆ ಅಕ್ಷರದ ಚೌಕಳಿ ನಕ್ಷೆಯನ್ನು, ರೂಢಿಯಂತೆ ಬಲದಿಂದ ಎಡಕ್ಕಲ್ಲ, ಎಡದಿಂದ ಬಲಕ್ಕೆ ಓದಿದೆ. ಇನ್ನೊಂದು ವಿಷಯ. ಕೆಂಪಲ್ಲಿ ಹೆಣೆಯುವಾಗ ಬಿಳಿ ದಾರ ಹೊಲಿಗೆಯ ಒಳಗೇ ಸಾಗುತ್ತದೆ. ಆಗ ಮಣಿಗಳನ್ನು ಉಂಡೆಯ ಕಡೆಗೆ ಜಾರಿಸಿಕೊಳ್ಳುತ್ತಾ ಇರಬೇಕು. ಒಂದು ಮಣಿ ಒಳಗೆ ಸಿಕ್ಕಿಕೊಂಡು ಅಲ್ಲೊಂದು ಗಂಟು ಎದ್ದಿತು, ಎರಡು ಸುತ್ತು ಬಿಚ್ಚಿದೆ. ಬಣ್ಣ ಬದಲಿಸುವಾಗ ಹಿಂದಿನ ಹೊಲಿಗೆಯ ಕೊನೆಯ ಎಳೆತಕ್ಕೇ ಹೊಸ ಬಣ್ಣ ತಗೊಂಡರೆ ಅಕ್ಷರದ ಅಂಚು ಚೆನ್ನಾಗಿ ಬರುತ್ತದೆ.

ನಿನ್ನೆ 20 ಹೊಲಿಗೆ, 20 ಸುತ್ತಿನ ಮಾದರಿಯನ್ನು ಒಗೆಯುವ ಕಲ್ಲಿನ ಮೇಲೆ ತಿಕ್ಕಿದೆ. ಮೊದಲು ಮೆತ್ತಗಾಗಿ ಹಿಗ್ಗಿತು. ಆಮೇಲೆ ಕೈಗೇ ಗೊತ್ತಾಗುವ ಹಾಗೆ ಬಿಗಿಯಾಗುತ್ತಾ ಬಂತು. ಅಗಲ 14 ಸೆಂಟಿಮೀಟರ್ ಇದ್ದದ್ದು 12 ಆಯಿತು, ಎತ್ತರ 14ರಿಂದ 10ಕ್ಕೆ ಇಳಿಯಿತು. ಅಂದರೆ ‘ಅ’ವನ್ನು ಇನ್ನೂ ಉದ್ದ ಬರೆದುಕೊಳ್ಳಬೇಕು. ಸಣ್ಣ ಮಣಿಗಳು ಉಣ್ಣೆಯೊಳಗೆ ಮುಳುಗಿಹೋದವು. ದೊಡ್ಡ ಗಾಜಿನ ಮಣಿಗಳು ಮಾತ್ರ ಅರ್ಧ ಹೊರಗೆ ಉಳಿದು ಹೊಳೆಯುತ್ತಿವೆ. ಅತ್ತೆ ಮುಟ್ಟಿ ನೋಡಿ, "ಕಂಬಳಿಯ ಹಾಗೇ ಆಯ್ತಲ್ಲಾ" ಎಂದರು. ನನಗೆ ತುಂಬಾ ಖುಷಿಯಾಯಿತು.

ಬದಿಯಡ್ಕದಲ್ಲಿ ಮಳೆ ಬಿಡುತ್ತಿಲ್ಲ. ಆ ಮಾದರಿ ಈಗ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನೊಳಗೆ ತಂತಿಯ ಮೇಲಿದೆ. ಇವತ್ತು ಮುಟ್ಟಿದಾಗಲೂ ನಡುಭಾಗ ತಣ್ಣಗಿತ್ತು. ಪೂರ್ತಿ ಒಣಗಿದ ಮೇಲೆ ಇನ್ನೊಮ್ಮೆ ಅಳೆದು, ಚಾರ್ಟ್ ತಿದ್ದಿ, ಚೀಲದ ತಳ ಶುರು ಮಾಡುತ್ತೇನೆ.