ಶಿಯಾ ಬೆಣ್ಣೆಯ ಹದ

ಲೋಷನ್ ಡಬ್ಬಿಯ ಮೇಲೆ ‘ಶಿಯಾ’ ಅಂತ ಕಂಡಾಗ ನೆನಪಾಗಬೇಕಾದ್ದು ಪಶ್ಚಿಮ ಆಫ್ರಿಕಾದ ಉತ್ತರ ಘಾನಾ, ಬುರ್ಕಿನಾ ಫಾಸೊದ ಹೆಂಗಸರ ರಟ್ಟೆ. ಶಿಯಾ ನಮ್ಮ ಹಿಪ್ಪೆಯ ಕುಟುಂಬದ್ದೇ ಮರ; ಅದರ ಬೀಜದ ಕೊಬ್ಬೇ ಶಿಯಾ ಬೆಣ್ಣೆ. ಫಲಕ್ಕೆ ಬರಲು 15–20 ವರ್ಷ ಬೇಕು. ಮಳೆಗಾಲದಲ್ಲಿ ಉದುರಿದ ಹಣ್ಣು ಆಯ್ದು, ತಿರುಳು ತಿಂದು, ಬೀಜವನ್ನು ಬೇಗ ಕುದಿಸಿ ಒಣಗಿಸಬೇಕು. ಹಸಿಯಾಗೇ ರಾಶಿ ಬಿಟ್ಟರೆ ಮೊಳಕೆ, ಬೂಷ್ಟು. ಆಮೇಲೆ ಎಷ್ಟು ತೊಳೆದರೂ ಬೆಣ್ಣೆಗೆ ಕಮಟು ವಾಸನೆ.

ಚಿಪ್ಪು ಒಡೆದು, ಒಳಗಿನ ಬೀಜ ಕುಟ್ಟಿ, ಹುರಿದು, ಅರೆದರೆ ಚಾಕೊಲೇಟ್ ಬಣ್ಣದ ಮುದ್ದೆ. ಅಸಲಿ ಕೆಲಸ ಇನ್ನು ಶುರು: ನೀರು ಸ್ವಲ್ಪಸ್ವಲ್ಪ ಹಾಕುತ್ತ ಬರಿಗೈಲಿ ಬಡಿಯುವುದು. ನೀರು ಬಿಸಿ ಹೆಚ್ಚಾದರೆ ಕೊಬ್ಬು ಕರಗಿಬಿಡುತ್ತದೆ, ಬೇರ್ಪಡುವುದಿಲ್ಲ; ತೀರಾ ತಣ್ಣಗಾದರೆ ಮುದ್ದೆ ಬಿಗಿಯುತ್ತದೆ. ಅದಕ್ಕೇ ಬಿಸಿನೀರು, ತಣ್ಣೀರು ಎರಡೂ ಪಕ್ಕದಲ್ಲೇ ಇರುತ್ತವೆ. ಥರ್ಮಾಮೀಟರ್ ಇಲ್ಲ; ಮೊಣಕೈವರೆಗೆ ಮೆತ್ತಿದ ಕಂದು ಬಣ್ಣ ಬಿಳಿಚಿಕೊಂಡಾಗ ಹದ ಬಂತು ಅಂತ ಲೆಕ್ಕ.

ತೇಲಿದ ಬಿಳಿ ಕೊಬ್ಬನ್ನು ಎತ್ತಿ ತೊಳೆದು, ನೀರಿನ ಚಟಪಟ ನಿಲ್ಲುವವರೆಗೆ ಕಾಯಿಸಿ ಸೋಸುತ್ತಾರೆ, ಥೇಟ್ ನಾವು ತುಪ್ಪ ಕಾಯಿಸಿದ ಹಾಗೆ. ಅಡುಗೆಗೂ ಅದೇ, ಒಡೆದ ಹಿಮ್ಮಡಿಗೂ ಅದೇ. ಉಳಿದ ಕರಿ ಗಸಿಯನ್ನೂ ಚೆಲ್ಲುವುದಿಲ್ಲ: ಮಣ್ಣಿನ ಗೋಡೆಗೆ ಬಳಿದರೆ ಮಳೆಗೆ ತಡೆ.