ಮಳೆಯ ತಲೆಗೆ ಕಟ್ಟಿದ ವೈ-ಫೈ ತಕರಾರು

ಜೂನ್ ತಿಂಗಳ ಎರಡನೆಯ ವಾರದಿಂದ ನನ್ನ ಲ್ಯಾಪ್‌ಟಾಪಿನ ವೈ-ಫೈ ಗಂಟೆಗೆ ಎರಡು ಮೂರು ಸಲ ಕೈಕೊಡಲು ತೊಡಗಿತು. ಬೆಂಗಳೂರಿನ ಕಚೇರಿಯವರೊಡನೆ ಬೆಳಗ್ಗೆ ಹತ್ತು ಗಂಟೆಗೆ ನಡೆಯುವ ವಿಡಿಯೊ ಸಭೆಯಲ್ಲಿ ಮೊದಲು ಎದುರಿನವರ ಮುಖ ಚೌಕಚೌಕವಾಗಿ ಒಡೆಯುತ್ತಿತ್ತು, ಆಮೇಲೆ ದನಿ ತುಂಡಾಗುತ್ತಿತ್ತು, ಕೊನೆಗೆ ಎಲ್ಲವೂ ನಿಂತುಹೋಗುತ್ತಿತ್ತು. ಇಷ್ಟೆಲ್ಲ ಆದರೂ ಪರದೆಯ ಮೂಲೆಯ ವೈ-ಫೈ ಗುರುತು ಹೆಚ್ಚಿನ ಸಲ ತನಗೇನೂ ಸಂಬಂಧವಿಲ್ಲವೆಂಬಂತೆ ಕುಳಿತಿರುತ್ತಿತ್ತು. ಪೂರ್ತಿ ಕೆಟ್ಟ ಯಂತ್ರವನ್ನು ರಿಪೇರಿಗೆ ಕೊಟ್ಟು ಸುಮ್ಮನಿರಬಹುದು. ಆಗಾಗ ಕೆಟ್ಟು ತಾನಾಗಿಯೇ ಸರಿಯಾಗುವ ಯಂತ್ರ ಮಾತ್ರ ಮನುಷ್ಯನ ತಾಳ್ಮೆಯನ್ನು ತಿಂದುಹಾಕುತ್ತದೆ.

ನಮ್ಮದು ಪುತ್ತೂರಿನ ಹತ್ತಿರ ಅಡಿಕೆ ತೋಟದ ನಡುವೆ ಇರುವ ಹಳೆಯ ಮನೆ. ಮುರಕಲ್ಲಿನ ಗೋಡೆಗಳು ಒಂದು ಮೊಳಕ್ಕೆ ಕಡಿಮೆಯಿಲ್ಲದಷ್ಟು ದಪ್ಪ. ಫೈಬರ್ ಸಂಪರ್ಕದ ರೌಟರ್ ಚಾವಡಿಯ ಗೋಡೆಯಲ್ಲಿದೆ. "ಮಳೆಗಾಲದಲ್ಲಿ ನೆಟ್ಟೆಲ್ಲ ಸರಿ ಇರ್ಲಿಕ್ಕುಂಟಾ ಮಾರಾಯ್ತಿ" ಎಂದು ಅತ್ತೆ ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟರು. ಅವರ ಮಾತಿಗೆ ಆಧಾರವಿಲ್ಲದಿಲ್ಲ. ಜೋರು ಮಳೆ ಬಂದಾಗ ಮಾಡಿನ ಮೇಲಿನ ಡಿಶ್ ಆಂಟೆನಾದ ಚಿತ್ರ ಹೋಗುವುದನ್ನು ಅವರು ವರ್ಷಗಳಿಂದ ನೋಡಿದ್ದಾರೆ. ಆದರೆ ಡಿಶ್ಶಿಗೆ ಬರುವುದು ಉಪಗ್ರಹದಿಂದ ಹತ್ತು ಗಿಗಾಹರ್ಟ್ಸ್‌ಗಿಂತ ಮೇಲಿನ ಕೆಯು ಬ್ಯಾಂಡಿನ ಅಲೆ. ಮೋಡ ಮತ್ತು ಮಳೆಹನಿಗಳನ್ನು ದಾಟಿ ಬರುವಷ್ಟರಲ್ಲಿ ಅದು ಸೊರಗುತ್ತದೆ. ಮನೆಯ ವೈ-ಫೈ ಓಡಾಡುವುದು 2.4 ಮತ್ತು 5 ಗಿಗಾಹರ್ಟ್ಸ್‌ಗಳಲ್ಲಿ, ಅದೂ ಕೆಲವೇ ಮೀಟರುಗಳ ದೂರಕ್ಕೆ, ಮಾಡಿನ ಕೆಳಗೆ. ನೀರುಂಡ ಹೊರಗೋಡೆ ಸಿಗ್ನಲನ್ನು ಇನ್ನಷ್ಟು ಹೀರುತ್ತದೆ ಎಂಬುದು ನಿಜವಾದರೂ ರೌಟರಿಗೂ ನನ್ನ ಮೇಜಿಗೂ ನಡುವೆ ಇರುವುದು ಒಳಗಿನ ಒಣ ಗೋಡೆಗಳೇ. ಹಾಗಾಗಿ ಮಳೆಯನ್ನು ಆರೋಪಿಗಳ ಪಟ್ಟಿಯಿಂದ ಬಿಟ್ಟುಬಿಟ್ಟೆ. ಆ ಬಿಡುಗಡೆ ಸ್ವಲ್ಪ ಅವಸರದ್ದಾಗಿತ್ತು ಎಂದು ಆಮೇಲೆ ತಿಳಿಯಿತು.

ಮೊದಲ ವಾರ ನಾನು ಮಾಡಿದ್ದು ಬರೀ ಅವಿವೇಕ. ಒಂದೇ ಸಂಜೆ ರೌಟರನ್ನು ಆರಿಸಿ ಹೊತ್ತಿಸಿದೆ, ವೈ-ಫೈ ಡ್ರೈವರನ್ನು, ಎಂದರೆ ಲ್ಯಾಪ್‌ಟಾಪಿನೊಳಗಿನ ವೈ-ಫೈ ಕಾರ್ಡನ್ನು ನಡೆಸುವ ತಂತ್ರಾಂಶವನ್ನು, ತೆಗೆದು ಹೊಸದಾಗಿ ಹಾಕಿದೆ, ನೆಟ್‌ವರ್ಕ್ ರೀಸೆಟ್ ಒತ್ತಿದೆ. ರೀಸೆಟ್ ಮಾಡಿದರೆ ಉಳಿಸಿಟ್ಟ ಪಾಸ್‌ವರ್ಡುಗಳೆಲ್ಲ ಅಳಿಸಿಹೋಗುತ್ತವೆ ಎಂಬುದು ಒತ್ತಿದ ಮೇಲೆ ನೆನಪಾಯಿತು. ರೌಟರಿನ ಅಡಿಯ ಚೀಟಿ ಅಷ್ಟರಲ್ಲಿ ಅರ್ಧ ಮಾಸಿತ್ತು, ಸೊನ್ನೆಯೋ 'ಓ' ಅಕ್ಷರವೋ ಎಂದು ನೋಡಲು ಟಾರ್ಚ್ ಹಿಡಿಯಬೇಕಾಯಿತು. ಮರುದಿನ ಎರಡು ಗಂಟೆ ಎಲ್ಲವೂ ಚೆನ್ನಾಗಿ ನಡೆದು, ಮೂರನೆಯ ಗಂಟೆಗೆ ಹಳೆಯ ಕತೆಯೇ ಮರಳಿತು. ಮೂರು ಮದ್ದನ್ನು ಒಟ್ಟಿಗೆ ಕುಡಿದವನಿಗೆ ಯಾವುದು ಹಿಡಿಯಿತು, ಯಾವುದು ಹಿಡಿಯಲಿಲ್ಲ ಎಂದು ತಿಳಿಯುವುದಾದರೂ ಹೇಗೆ?

ಇಂಟರ್‌ನೆಟ್ ಕಂಪನಿಯ ಹುಡುಗನನ್ನೂ ಕರೆಸಿದ್ದಾಯಿತು. ಆತ ಫೈಬರಿನ ತುದಿಗೆ ಮೀಟರು ಚುಚ್ಚಿ ಬೆಳಕಿನ ಬಲವನ್ನು ನೋಡಿದ. ಮೈನಸ್ 21 ಡಿಬಿಎಂ. ಡಿಬಿಎಂ ಎಂಬುದು ಸಿಗ್ನಲಿನ ಬಲದ ಅಳತೆ, ಮೈನಸ್ಸಿನ ಮುಂದಿನ ಅಂಕಿ ದೊಡ್ಡದಾದಷ್ಟೂ ಬಲ ಕಡಿಮೆ. ಮನೆಗಳಲ್ಲಿ ಇಡುವ ಸಾಮಾನ್ಯ ಫೈಬರ್ ಪೆಟ್ಟಿಗೆಗಳು ಮೈನಸ್ 27ರ ತನಕ ತಡೆದುಕೊಳ್ಳುತ್ತವೆ. "ಮೇಡಂ, ಲೈನು ಸರಿ ಉಂಟು. ತೊಂದರೆ ಇದ್ರೆ ನಿಮ್ಮ ಮನೆ ಒಳಗೇ" ಎಂದು ಹೇಳಿ ಮಳೆಯಲ್ಲಿಯೇ ಹೊರಟುಹೋದ. ಕಂಪನಿಯವರು ಹೀಗೆ ಹೇಳಿದಾಗ ನಂಬದಿರುವುದು ನಮ್ಮೆಲ್ಲರ ಅಭ್ಯಾಸ. ಆದರೆ ಈ ಮಾತನ್ನು ನಂಬಬೇಕೋ ಬೇಡವೋ ಎಂಬುದನ್ನು ಐದು ನಿಮಿಷದಲ್ಲಿ ಮನೆಯಲ್ಲೇ ಪರೀಕ್ಷಿಸಬಹುದಿತ್ತು, ಅದನ್ನು ನಾನು ಮೊದಲ ದಿನವೇ ಮಾಡಬೇಕಿತ್ತು.

ಆ ಪರೀಕ್ಷೆ ಇಷ್ಟೇ. ವಿಂಡೋಸ್‌ನಲ್ಲಿ ಎರಡು ಕಮಾಂಡ್ ಕಿಟಕಿಗಳನ್ನು ಅಕ್ಕಪಕ್ಕ ತೆರೆದು, ಒಂದರಲ್ಲಿ ನಮ್ಮ ರೌಟರಿನ ವಿಳಾಸವಾದ 192.168.1.1ಕ್ಕೂ ಇನ್ನೊಂದರಲ್ಲಿ ಗೂಗಲ್‌ನ 8.8.8.8ಕ್ಕೂ ನಿಲ್ಲದಂತೆ ಪಿಂಗ್, ಎಂದರೆ ಉತ್ತರ ಬರುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ, ಕಳಿಸುತ್ತಿರಬೇಕು. ರೌಟರಿನಿಂದ ಉತ್ತರ ಕ್ರಮವಾಗಿ ಬರುತ್ತಿದ್ದು ಹೊರಗಿನದು ಮಾತ್ರ ನಿಂತರೆ ತಪ್ಪು ಲೈನಿನದು. ರೌಟರಿನ ಉತ್ತರವೇ ನಿಂತರೆ ಕಂಪನಿಗೆ ಫೋನು ಮಾಡಿ ಪ್ರಯೋಜನವಿಲ್ಲ, ತಪ್ಪು ರೌಟರಿಗೂ ಲ್ಯಾಪ್‌ಟಾಪಿಗೂ ನಡುವೆ ಎಲ್ಲೋ ಇದೆ. ನನ್ನ ಪರದೆಯಲ್ಲಿ ರೌಟರಿನ ಉತ್ತರ ಮೂರು ಮಿಲಿಸೆಕೆಂಡಿನಿಂದ ಇನ್ನೂರಕ್ಕೆ, ಅಲ್ಲಿಂದ ಒಂಬೈನೂರಕ್ಕೆ ಹಾರಿ, ಆಮೇಲೆ ಸಾಲಾಗಿ 'ರಿಕ್ವೆಸ್ಟ್ ಟೈಮ್ಡ್ ಔಟ್' ಎಂದು ಬೀಳತೊಡಗಿತು. ಅದೇ ಹೊತ್ತಿಗೆ ಅದೇ ಮೇಜಿನ ಮೇಲಿದ್ದ ಫೋನಿನಲ್ಲಿ, ಅದೇ ವೈ-ಫೈಯಲ್ಲಿ, ವಿಡಿಯೊ ತಡೆಯಿಲ್ಲದೆ ಓಡುತ್ತಿತ್ತು. ಹುಡುಗ ಹೇಳಿದ್ದು ಸರಿ. ರೌಟರೂ ನಿರ್ದೋಷಿ. ಉಳಿದದ್ದು ಲ್ಯಾಪ್‌ಟಾಪ್ ಒಂದೇ.

ಅಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ನಿಯಮ ಹಾಕಿಕೊಂಡು, ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಸಂಪರ್ಕ ಕಡಿದ ಹೊತ್ತನ್ನೂ ಆಗ ಏನು ನಡೆಯುತ್ತಿತ್ತು ಎಂಬುದನ್ನೂ ಗುರುತು ಹಾಕುತ್ತ ಹೋದೆ. ವಿಂಡೋಸ್ ತಾನೂ ಇಂಥದ್ದೊಂದು ಲೆಕ್ಕ ಇಟ್ಟಿರುತ್ತದೆ. ಅಡ್ಮಿನ್ ಹಕ್ಕಿನಲ್ಲಿ ತೆರೆದ ಕಮಾಂಡ್ ಕಿಟಕಿಯಲ್ಲಿ 'netsh wlan show wlanreport' ಎಂದು ಟೈಪ್ ಮಾಡಿದರೆ, ಹಿಂದಿನ ಮೂರು ದಿನಗಳಲ್ಲಿ ಯಾವಾಗ ಸೇರಿಕೊಂಡಿತು, ಯಾವಾಗ ಕಡಿಯಿತು, ಕಾರಣವಾಗಿ ಡ್ರೈವರ್ ಏನು ಹೇಳಿತು ಎಂಬುದೆಲ್ಲ ಒಂದು ಪುಟವಾಗಿ ಸಿಗುತ್ತದೆ. ಆದರೆ ಆಗ ಕರೆಂಟ್ ಇತ್ತೋ ಇಲ್ಲವೋ ಎಂಬುದು ಆ ಪುಟದಲ್ಲಿ ಇರುವುದಿಲ್ಲ. ನನ್ನ ಹಾಲಿನ ಪುಸ್ತಕದಲ್ಲಿ ಇತ್ತು.

ಮೊದಲ ಸುಳಿವು ಸಿಕ್ಕಿದ್ದೇ ಅಲ್ಲಿ. ಕರೆಂಟ್ ಹೋದ ಹೊತ್ತಿನಲ್ಲಿ ತೊಂದರೆ ಎದ್ದು ಕಾಣುವಷ್ಟು ಹೆಚ್ಚು. ರೌಟರ್ ಇನ್ವರ್ಟರಿನಲ್ಲಿದೆ, ಅದು ಆರುವುದಿಲ್ಲ. ನನ್ನ ಮೇಜಿನ ಪ್ಲಗ್ಗಿಗೆ ಇನ್ವರ್ಟರ್ ಇಲ್ಲ, ಹಾಗಾಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿಯುತ್ತದೆ. ಬ್ಯಾಟರಿಗೆ ಇಳಿದ ಕೂಡಲೇ ವಿಂಡೋಸ್ ವೈ-ಫೈ ಕಾರ್ಡಿಗೆ ಮಿತವ್ಯಯ ಕಲಿಸುತ್ತದೆ. ರೌಟರ್ ಸೆಕೆಂಡಿಗೆ ಸುಮಾರು ಹತ್ತು ಸಲ 'ನಾನಿದ್ದೇನೆ, ನಿನಗೆ ಇಷ್ಟು ಬಂದಿದೆ' ಎಂದು ಸಾರುತ್ತಿರುತ್ತದೆ; ಕಾರ್ಡು ಆ ಸಾರುವ ಕ್ಷಣಕ್ಕೆ ಮಾತ್ರ ಎಚ್ಚೆತ್ತು, ತನಗೇನೂ ಬಂದಿಲ್ಲವೆಂದರೆ ಮತ್ತೆ ತೂಕಡಿಸುತ್ತದೆ. ಸಿಗ್ನಲ್ ಬಲವಾಗಿದ್ದರೆ ಇದರಿಂದ ಹೆಚ್ಚೆಂದರೆ ನೂರಿನ್ನೂರು ಮಿಲಿಸೆಕೆಂಡು ತಡವಾಗಬಹುದು. ಸಿಗ್ನಲ್ ಬಡವಾಗಿದ್ದರೆ ಎಚ್ಚೆತ್ತ ಕ್ಷಣದಲ್ಲಿ ಸಾರಿದ್ದೇ ಕೇಳಿಸದೆ ಹೋಗಬಹುದು. ಪವರ್ ಆಪ್ಷನ್ಸ್‌ನ ವೈರ್‌ಲೆಸ್ ಅಡಾಪ್ಟರ್ ವಿಭಾಗದಲ್ಲಿ ಬ್ಯಾಟರಿಯ ಎದುರಿಗೂ 'ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್' ಎಂದು ಇಟ್ಟೆ. ಬ್ಯಾಟರಿಯಲ್ಲಿದ್ದಾಗಲೂ ರೌಟರಿನ ಉತ್ತರ ಮೂರು ನಾಲ್ಕು ಮಿಲಿಸೆಕೆಂಡಿಗೆ ಇಳಿಯಿತು. ಲಿನಕ್ಸ್ ಬಳಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ನೆಟ್‌ವರ್ಕ್ ಮ್ಯಾನೇಜರಿನ ವೈ-ಫೈ ಪವರ್‌ಸೇವ್ ಅಂಕಿಯನ್ನು 3ರಿಂದ 2ಕ್ಕೆ ಬದಲಿಸಿದರೆ ಈ ತೂಕಡಿಕೆ ನಿಲ್ಲುತ್ತದೆ.

ಇನ್ನೊಂದು ಸಣ್ಣ ಕಳ್ಳನೂ ಆ ಪುಸ್ತಕದಿಂದಲೇ ಹೊರಬಿದ್ದ. ಬ್ಯಾಕಪ್ ತೆಗೆಯಲೆಂದು ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಸಿಕ್ಕಿಸಿದ ದಿನಗಳಲ್ಲಿ 2.4 ಗಿಗಾಹರ್ಟ್ಸ್ ಇನ್ನಷ್ಟು ಹಾಳಾಗುತ್ತಿತ್ತು. ಯುಎಸ್‌ಬಿ 3.0 ತಂತಿಯಿಂದ ಸೋರುವ ಗದ್ದಲ ಇದೇ ಅಲೆಗಳ ಮೇಲೆ ಬೀಳುತ್ತದೆ ಎಂದು ಇಂಟೆಲ್ 2012ರಲ್ಲೇ ಅಳೆದು ಪ್ರಕಟಿಸಿದೆ. ಡಿಸ್ಕನ್ನು ಸಭೆಯ ಹೊತ್ತಿನಲ್ಲಿ ಕಿತ್ತಿಡುವುದೇ ಇದಕ್ಕೆ ಮದ್ದು. ಎಲ್ಲರೂ ಹೇಳುವ ಚಾನೆಲ್ ಬದಲಾಯಿಸುವ ಉಪಾಯ ಮಾತ್ರ ನನಗೆ ಉಪಯೋಗಕ್ಕೆ ಬರಲಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಹದಿಮೂರು ಚಾನೆಲ್‌ಗಳಿದ್ದರೂ ಅವುಗಳ ನಡುವಿನ ಅಂತರ ಐದು ಮೆಗಾಹರ್ಟ್ಸ್, ಒಂದೊಂದು ಸಂಪರ್ಕಕ್ಕೆ ಬೇಕಾದ ಅಗಲ ಇಪ್ಪತ್ತು. ಹಾಗಾಗಿ ಒಂದರ ಮೇಲೊಂದು ಬೀಳದಿರಲೆಂದು ಸಾಮಾನ್ಯವಾಗಿ 1, 6 ಮತ್ತು 11ನ್ನು ಆರಿಸಿಕೊಳ್ಳುತ್ತಾರೆ. ಬೆಂಗಳೂರಿನ ನನ್ನ ತಂಗಿಯ ಫ್ಲ್ಯಾಟಿನಲ್ಲಿ ಫೋನು ತೆರೆದರೆ ಮೂವತ್ತು ವೈ-ಫೈ ಹೆಸರುಗಳು ಕಾಣುತ್ತವೆ, ಅಲ್ಲಿ ಈ ಲೆಕ್ಕಕ್ಕೆ ಬೆಲೆಯುಂಟು. ನಮ್ಮ ತೋಟದಲ್ಲಿ ಕಾಣುವುದು ನಮ್ಮದೊಂದೇ.

ಇಷ್ಟಾದ ಮೇಲೆ ಗಂಟೆಗೆ ಮೂರು ಸಲ ಕಡಿಯುತ್ತಿದ್ದದ್ದು ದಿನಕ್ಕೆ ಐದಾರು ಸಲಕ್ಕೆ ಇಳಿಯಿತು. ಇಲ್ಲಿಗೇ ಬಿಟ್ಟುಬಿಡುವ ಮನಸ್ಸಾಗಿತ್ತು. ಬಿಡದಂತೆ ಮಾಡಿದ್ದು ಎರಡು ಅಂಕಿಗಳು.

ಒಂದನೆಯದು ಸಿಗ್ನಲಿನ ಬಲ. ವಿಂಡೋಸ್ ಇದನ್ನು ಶೇಕಡಾವಾರಿನಲ್ಲಿ ಹೇಳುತ್ತದೆ. ಅದರ ಲೆಕ್ಕದಲ್ಲಿ ಸೊನ್ನೆ ಎಂದರೆ ಮೈನಸ್ 100 ಡಿಬಿಎಂ, ನೂರು ಎಂದರೆ ಮೈನಸ್ 50. ನನ್ನ ಮೇಜಿನ ಮೇಲೆ ಲ್ಯಾಪ್‌ಟಾಪ್ ತೋರಿಸಿದ್ದು ಶೇಕಡಾ 42, ಎಂದರೆ ಮೈನಸ್ 79. ಅದೇ ಜಾಗದಲ್ಲಿ ಅದೇ ಬ್ಯಾಂಡಿನಲ್ಲಿ ಫೋನು ತೋರಿಸಿದ್ದು ಮೈನಸ್ 58. ಎರಡು ಉಪಕರಣಗಳ ನಡುವೆ ನಾಲ್ಕೈದು ಡೆಸಿಬಲ್ ವ್ಯತ್ಯಾಸ ಸಹಜ. ಇಪ್ಪತ್ತು ಡೆಸಿಬಲ್ ಎಂದರೆ ನೂರು ಪಟ್ಟು. ಫೋನಿಗೆ ಕೊಡದಲ್ಲಿ ಸುರಿದದ್ದು ಲ್ಯಾಪ್‌ಟಾಪಿಗೆ ಚಮಚದಲ್ಲಿ ಬರುತ್ತಿತ್ತು.

ಎರಡನೆಯದನ್ನು ತೀರಾ ಆಕಸ್ಮಿಕವಾಗಿ ಗಮನಿಸಿದೆ. ಲ್ಯಾಪ್‌ಟಾಪನ್ನು ರೌಟರಿನ ಪಕ್ಕದಲ್ಲೇ ಇಟ್ಟು 5 ಗಿಗಾಹರ್ಟ್ಸ್‌ಗೆ ಸೇರಿಸಿದಾಗಲೂ ಸಂಪರ್ಕದ ವೇಗ 433 ಮೆಗಾಬಿಟ್ ದಾಟಲಿಲ್ಲ. ಕಳೆದ ವರ್ಷ ಇದೇ ಯಂತ್ರ ಇದೇ ರೌಟರಿನ ಎದುರು 866 ತೋರಿಸುತ್ತಿದ್ದದ್ದು ನನಗೆ ನೆನಪಿತ್ತು. 866ರ ಅರ್ಧ 433. ಎರಡು ಆಂಟೆನಾಗಳ ವೈ-ಫೈ 5 (ವೈ-ಫೈಯ ಐದನೆಯ ತಲೆಮಾರು) ಕಾರ್ಡು ಎಂಬತ್ತು ಮೆಗಾಹರ್ಟ್ಸ್ ಅಗಲದಲ್ಲಿ ಎರಡು ಧಾರೆಗಳನ್ನು ಒಟ್ಟಿಗೆ ಹರಿಸಿದರೆ 866, ಒಂದೇ ಧಾರೆಯಾದರೆ 433. ಅಷ್ಟು ಹತ್ತಿರದಲ್ಲಿಯೂ ಇಷ್ಟು ನಿಖರವಾಗಿ ಅರ್ಧಕ್ಕೆ ನಿಲ್ಲಬೇಕಾದರೆ ಎರಡರಲ್ಲಿ ಒಂದು ಆಂಟೆನಾ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಆಗ ಏಪ್ರಿಲ್ ನೆನಪಾಯಿತು. ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡ್ ಮೇಲೆದ್ದಿತ್ತೆಂದು ಪೇಟೆಯ ಅಂಗಡಿಯೊಂದರಲ್ಲಿ ಬಿಚ್ಚಿಸಿ ಹೊಸ ಬ್ಯಾಟರಿ ಹಾಕಿಸಿದ್ದೆ.

ಭಾನುವಾರ ಮಧ್ಯಾಹ್ನ ಚಾರ್ಜರ್ ತೆಗೆದು, ಯಂತ್ರವನ್ನು ಪೂರ್ತಿ ಆರಿಸಿ, ಅಡಿಮೇಲಾಗಿ ಒಂದು ಬಟ್ಟೆಯ ಮೇಲೆ ಮಲಗಿಸಿದೆ. ತಿರುಪುಗಳು ಒಂದೇ ಅಳತೆಯವಲ್ಲ. ಮುಂಬದಿಯವು ಗಿಡ್ಡ, ಬಿಜಾಗರಿಯ ಹತ್ತಿರದವು ಉದ್ದ. ಅದಲುಬದಲಾಗದಿರಲೆಂದು ಅತ್ತೆಯ ಹಳೆಯ ಮಸಾಲೆ ಡಬ್ಬಿಯ ಬಟ್ಟಲುಗಳಲ್ಲಿ ಜಾಗಕ್ಕೆ ತಕ್ಕಂತೆ ಹಾಕಿಟ್ಟೆ. ಮುಚ್ಚಳ ಎದ್ದ ಮೇಲೆ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು, ಉಳಿದದ್ದು ಆಮೇಲೆ. ವೈ-ಫೈ ಕಾರ್ಡು ಅಂಚೆ ಚೀಟಿಯಷ್ಟಿರುತ್ತದೆ. ಅದರಿಂದ ಹೊರಟ ಕಪ್ಪು ಮತ್ತು ಬಿಳಿ ತಂತಿಗಳು ಬ್ಯಾಟರಿಯ ಅಂಚಿನಲ್ಲಿ ಹಾದು, ಬಿಜಾಗರಿಯೊಳಗಿಂದ ಪರದೆಯ ಅಂಚಿನಲ್ಲಿರುವ ಆಂಟೆನಾಗಳಿಗೆ ಹೋಗುತ್ತವೆ. ನೂಲಿನಷ್ಟು ಸಣ್ಣ ಈ ತಂತಿಗಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಹಿತ್ತಾಳೆ ಬಣ್ಣದ ಟೋಪಿ. ಬಿಳಿ ತಂತಿಯ ಟೋಪಿ ಕಾರ್ಡಿನಿಂದ ಪೂರ್ತಿ ಕಳಚಿ ಬ್ಯಾಟರಿಯ ಅಂಚಿನ ಟೇಪಿನ ಕೆಳಗೆ ಮಲಗಿತ್ತು. ಕಪ್ಪು ತಂತಿಯದು ಕುಳಿತಂತೆ ಕಂಡರೂ ಕನ್ನಡಕ ಹಾಕಿ ಬಗ್ಗಿ ನೋಡಿದಾಗ ಒಂದು ಬದಿ ಕೂದಲೆಳೆಯಷ್ಟು ಎದ್ದಿತ್ತು. ಮೇಜು ಅಲುಗಿದಾಗ, ಲ್ಯಾಪ್‌ಟಾಪನ್ನು ಸ್ವಲ್ಪ ಸರಿಸಿದಾಗ ಸಂಪರ್ಕ ಹೋಗುತ್ತಿದ್ದದ್ದಕ್ಕೆ ಅದೇ ಕಾರಣ.

ಇದನ್ನು ಕೂರಿಸುವುದು ಬಲದ ಕೆಲಸವಲ್ಲ, ನೇರದ ಕೆಲಸ. ಟೋಪಿಯನ್ನು ಕಾರ್ಡಿನ ಬೊಟ್ಟಿನ ಮೇಲೆ ಸರಿಯಾಗಿ ನಡುವಿಗೆ ತಂದು, ಓರೆಯಾಗದಂತೆ ಬೆರಳ ತುದಿಯಿಂದ ಮೇಲಿನಿಂದ ಒತ್ತಿದರೆ 'ಟಿಕ್' ಎಂಬುದು ಕಿವಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ನನಗೆ ನಾಲ್ಕನೆಯ ಸಲಕ್ಕೆ ತಿಳಿಯಿತು. ಪದೇ ಪದೇ ತೆಗೆದು ಹಾಕಿದರೆ ಹಿಡಿತ ಸಡಿಲವಾಗುವುದರಿಂದ ಕುತೂಹಲಕ್ಕೆಂದು ಮತ್ತೆ ಎಬ್ಬಿಸಲು ಹೋಗಬಾರದು.

ಮುಚ್ಚಳ ಹಾಕಿ ರೌಟರಿನ ಪಕ್ಕ ಇಟ್ಟಾಗ 866 ಬಂತು. ಒಳಕೋಣೆಯ ಮೇಜಿನ ಮೇಲೆ ಶೇಕಡಾ 78, ಎಂದರೆ ಮೈನಸ್ 61.

ಹಾಗಾದರೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಏಕೆ ತೊಂದರೆಯಾಗಲಿಲ್ಲ ಎಂಬ ಪ್ರಶ್ನೆ ರಾತ್ರಿ ಊಟದ ಹೊತ್ತಿಗೆ ಎದ್ದಿತು. ಬೇಸಗೆಯಲ್ಲಿ ನನ್ನ ಮೇಜು ಇದ್ದದ್ದು ಚಾವಡಿಯಲ್ಲಿ, ರೌಟರಿನಿಂದ ಎಂಟು ಅಡಿ ದೂರಕ್ಕೆ. ಅಷ್ಟು ಹತ್ತಿರದಲ್ಲಿ ಓರೆಯಾಗಿ ಕುಳಿತ ಒಂದೇ ತಂತಿಯೂ ಸಾಕಾಗುತ್ತಿತ್ತು. ಜೂನಿನಲ್ಲಿ ಮಳೆಯ ಎರಚಲು ಚಾವಡಿಯ ಒಳಗೆ ಹೊಡೆಯುತ್ತದೆಂದು ಅದನ್ನು ಎರಡು ಗೋಡೆಗಳ ಆಚೆಯ ಒಳಕೋಣೆಗೆ ಸಾಗಿಸಿದ್ದೆವು. "ನಾನು ಆಗ್ಲೇ ಹೇಳ್ಳಿಲ್ವಾ, ಮಳೆಯಿಂದ ಅಂತ" ಎಂದರು ಅತ್ತೆ, ಸಾರು ಬಡಿಸುತ್ತ.

ಆ ಮೇಲಿನ ಹತ್ತು ದಿನಗಳಲ್ಲಿ ಹಾಲಿನ ಪುಸ್ತಕಕ್ಕೆ ಸೇರಿದ್ದು ಎರಡೇ ಗುರುತು. ಎರಡೂ ಕರೆಂಟ್ ಹೋಗಿ ಇನ್ವರ್ಟರಿಗೆ ಬದಲಾಗುವ ಆ ಒಂದು ಕ್ಷಣದಲ್ಲಿ ರೌಟರ್ ಆರಿ ಮತ್ತೆ ಹೊತ್ತಿಕೊಂಡ ಸಂದರ್ಭಗಳು. ಇನ್ವರ್ಟರಿನಲ್ಲಿರುವ ರೌಟರ್ ಆರುವುದಿಲ್ಲ ಎಂದು ಮೇಲೆ ಬರೆದದ್ದನ್ನು ಅಷ್ಟರ ಮಟ್ಟಿಗೆ ತಿದ್ದಿಕೊಳ್ಳಬೇಕು. ಅದಕ್ಕೆಂದು ಹನ್ನೆರಡು ವೋಲ್ಟಿನ ಸಣ್ಣ ಯುಪಿಎಸ್ ಒಂದನ್ನು ತರಿಸಿದ್ದೇನೆ. ರೌಟರಿಗೂ ಫೈಬರ್ ಪೆಟ್ಟಿಗೆಗೂ ಒಂದರಿಂದಲೇ ಸಾಲುತ್ತದೆಯೇ ಎಂದು ಅಡಾಪ್ಟರುಗಳ ಮೇಲಿನ ಆಂಪಿಯರ್ ಕೂಡಿಸಿ ನೋಡುವುದು ಈ ಶನಿವಾರದ ಕೆಲಸ.