ನೇರಳೆ ಕೋಣೆಗಳು

ಮಗಳು ಶಾಲೆಯಿಂದ ಸೂಕ್ಷ್ಮದರ್ಶಕ ತಂದಿದ್ದಾಳೆ. ಎರಡೇ ದಿನಕ್ಕೆ.

ವಿಜಯಪುರದ ಸಂತೆಯಲ್ಲಿ ಕೊಂಡ ಕೆಂಪು ಉಳ್ಳಾಗಡ್ಡಿ. ಎಸಳಿನ ಹೊರಮೈಯಿಂದ ತೆಳ್ಳನೆಯ ಪೊರೆಯನ್ನು ಉಗುರಿನಲ್ಲಿ ಎಬ್ಬಿಸಿ, ಗಾಜಿನ ಮೇಲಿನ ನೀರಹನಿಗೆ ಹಾಸಿದಳು.

"ಅವ್ವಾ, ನೋಡು."

ಇಟ್ಟಂಗಿ ಗೋಡೆ! ಉದ್ದುದ್ದನೆಯ ಕೋಣೆಗಳು, ಒಂದಕ್ಕೊಂದು ಒತ್ತಿಕೊಂಡು. ಕೆಲವದರಲ್ಲಿ ನೇರಳೆ ನೀರು ತುಂಬಿದೆ, ಪಕ್ಕದ್ದು ಗಾಜಿನಂತೆ ಬರಿದು. ಇಷ್ಟು ವರ್ಷ ಹೆಚ್ಚಿದ್ದೇನೆ, ಆ ಬಣ್ಣ ಬಹುಪಾಲು ಈ ಒಂದು ಪೊರೆಯಲ್ಲೇ ಇದೆ ಎಂದು ಗೊತ್ತಿರಲಿಲ್ಲ.

1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಮರದ ತೊಗಟೆಯ ಬಿರಡೆಯ ಚೂರಿನಲ್ಲಿ ಕಂಡು 'ಸೆಲ್' (ಜೀವಕೋಶ) ಎಂದು ಕರೆದದ್ದು ಇಂಥ ಕೋಣೆಗಳನ್ನೇ. ಅವನ ಬಿರಡೆ ಒಣಗಿತ್ತು. ನಮ್ಮದು ಜೀವಂತ.

ಆಮೇಲೆ ಅಂಚಿನಿಂದ ಉಪ್ಪುನೀರು ಬಿಟ್ಟಳು. ನೇರಳೆ ಮೆಲ್ಲಗೆ ಗೋಡೆಯಿಂದ ಸರಿಯಿತು. ಕುಗ್ಗಿತು. ಇನ್ನಷ್ಟು ಗಾಢವಾಗಿ ಕೋಣೆಯ ನಡುವೆ ಮುದುಡಿಕೊಂಡಿತು. ಒಳಗಿನ ನೀರು ಉಪ್ಪಿದ್ದ ಕಡೆಗೆ ಹೊರಟುಹೋಗಿತ್ತು. ಗೋಡೆಗಳು ಮಾತ್ರ ಇದ್ದಲ್ಲೇ ಇದ್ದವು. ನನಗೆ ಕಣ್ಣು ತೆಗೆಯಲು ಮನಸ್ಸೇ ಬರಲಿಲ್ಲ.

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಚ್ಚಿದ ಉಳ್ಳಾಗಡ್ಡಿ. ಎಂದಿನಂತೆ ಉಪ್ಪು ಉದುರಿಸಿದೆ. ಸ್ವಲ್ಪ ಹೊತ್ತಿಗೆ ತಟ್ಟೆಯ ಅಂಚಿನಲ್ಲಿ ನಸು ನೇರಳೆ ಹನಿಗಳು ಕೂಡಿದವು.

ರೊಟ್ಟಿ ಮುರಿಯುವುದನ್ನೂ ಮರೆತು ಇಬ್ಬರೂ ಅದನ್ನೇ ನೋಡುತ್ತ ಕುಳಿತೆವು.